ಆತನೇ ಈತನೆ?

1963ನೆಯ ನವೆಂಬರ್ 23ರಂದು ಆಂಗ್ಲದೇಶದ ಬಿ.ಬಿ.ಸಿ. ಸಂಸ್ಥೆಯು ದೂರದರ್ಶನದಲ್ಲಿ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಥಾಮಾಲೆಯನ್ನಾರಂಭಿಸಿತು. ಇದರ ನಾಯಕನು ಅನ್ಯಲೋಕದವನು; ನೀಲಿಯ ಪೆಟ್ಟಿಗೆಯಂತಹ ಯಂತ್ರವನ್ನೇರಿ ಭೂತಭವಿಷ್ಯಗಳೆರಡರಲ್ಲಿಯೂ ಸಂಚರಿಸತಕ್ಕವನು. ಮೊದಲ ನಟನಾದ ವಿಲಿಯಂ ಹಾರ್ಟ್ನೆಲ್ಲನು ಅನಾರೋಗ್ಯದಿಂದ 1966ರಲ್ಲಿ ಪಾತ್ರವನ್ನು ಬಿಡಬೇಕಾಯಿತು. ಆಗ ಕಥೆಗಾರರು, ನಾಯಕನು ಜೀರ್ಣದೇಹವನ್ನು ಕಳೆದು ನೂತನದೇಹವನ್ನು ತಾಳಿದನೆಂದು ಕಲ್ಪಿಸಿ ಪ್ಯಾಟ್ರಿಕ್ ಟ್ರೌಟನ್ನನನ್ನು ತಂದರು.

‘ಆ ದೇವದತ್ತನೇ ಈತನು’ ಎಂದು ಶಾಸ್ತ್ರಕಾರರು ಪ್ರತ್ಯಭಿಜ್ಞೆಗೆ ಉದಾಹರಣೆ ಕೊಡುವರು. ಅಲ್ಲಿ ದೇಶಕಾಲಗಳಷ್ಟೇ ಬೇರೆ. ಇಲ್ಲಿಯಾದರೋ ಮುಖ, ಸ್ವರ, ನಡೆ ಸಮಸ್ತವೂ ಬೇರೆ. ಗೊಣಗುವವರು ಗೊಣಗಿದರು, ಬಳಿಕ ಆ ದೇಹಾಂತರವೇ ಕಥೆಯ ಜೀವಾಳವೆನಿಸಿತು.

1976ರ ಒಂದು ಕಥೆಯು ನಾಯಕನ ಸ್ವಲೋಕದ ಮಹಾಮಹಿಮರನ್ನು ಕಲಹಪ್ರಿಯ ಮುದುಕರನ್ನಾಗಿ ತೋರಿಸಲು, ಅಭಿಮಾನಿ ಸಂಘದ ಅಧ್ಯಕ್ಷನೇ ಕಥೆಯ ಮಾಂತ್ರಿಕತೆಯು ಹಾಳಾಯಿತೆಂದು ಬರೆದನು. ಇಂದು ಅದೇ ಕಥೆಯನ್ನು ಅಭಿಮಾನಿಗಳು ಅತ್ಯುತ್ತಮವಾದವುಗಳಲ್ಲೊಂದೆಂದು ಎಣಿಸುವರು. ಹನ್ನೆರಡು ಬಾರಿಗಿಂತ ಹೆಚ್ಚಾಗಿ ದೇಹಾಂತರವಿಲ್ಲವೆಂಬ ನಿಯಮವೂ ಆ ಕಥೆಯದೇ; ಅನಂತರ ಅದನ್ನು ಶ್ರುತಿವಾಕ್ಯದಂತೆ ಕಾಪಾಡಿದವರೂ ಅಭಿಮಾನಿಗಳೇ! ನಿನ್ನೆಯ ಅಪಚಾರವು ಇಂದಿನ ಸಂಪ್ರದಾಯವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

1986ರಲ್ಲಿ ಕ್ರಿಸ್ ಚಿಬ್ನಾಲನೆಂಬ ಹದಿನಾರು ವರ್ಷದ ಬಾಲಕನು ಬಿ.ಬಿ.ಸಿ.ಯ ಚರ್ಚೆಯೊಂದರಲ್ಲಿ ಕುಳಿತು, ಈಚಿನ ಕಥೆಗಳಲ್ಲಿ ಸವೆದ ಹಾದಿಯೇ ಇದೆಯೆಂದು ಅವುಗಳ ಲೇಖಕರ ಸಮ್ಮುಖದಲ್ಲಿಯೇ ಆಕ್ಷೇಪಿಸಿದನು. ಮಾಲೆಯು 1989ರಲ್ಲಿ ನಿಂತು, 2005ರಲ್ಲಿ ಪುನರುಜ್ಜೀವಿತವಾಯಿತು. ಕಾಲಾಂತರದಲ್ಲಿ ಆ ಬಾಲಕನೇ ಮುಖ್ಯಲೇಖಕನಾದನು. 2017ರಲ್ಲಿ ಜೋಡಿ ವಿಟೇಕರ್ ಎಂಬ ನಟಿಗೆ ನಾಯಕಪಾತ್ರವನ್ನು ಕೊಟ್ಟವನು ಈತನೇ. ಹಾರ್ಟ್ನೆಲ್ಲನಿಗಿಂತ ಮುಂಚೆಯೂ ನಾಯಕನಿಗೆ ಅನೇಕ ಜನ್ಮಗಳಿದ್ದುವೆಂದು 2020ರಲ್ಲಿ ಬರೆದವನೂ ಈತನೇ. ಮೂಲವೇ ಕೆಟ್ಟಿತೆಂಬ ಕೂಗು ಈ ಬಾರಿ ಈತನ ಮೇಲೆಯೇ ಎದ್ದಿತು. ಅಂತಹ ಪೂರ್ವಮುಖಗಳು 1976ರ ಜನವರಿಯಲ್ಲಿಯೇ ಒಮ್ಮೆ ತೋರಿದ್ದುವು; ಅದನ್ನು ಮರೆಯುವುದು ಅನೇಕರಿಗೆ ಅನುಕೂಲವಾಗಿತ್ತು.

ಆದರೂ ಈ ಜನರನ್ನು ಕೇವಲ ಹಟವಾದಿಗಳೆಂದು ತಳ್ಳುವುದು ನ್ಯಾಯವಲ್ಲ. 1967ರಿಂದ 1978ರವರೆಗೆ ಸಂಸ್ಥೆಯೇ ಹಳೆಯ ಮುದ್ರಿಕೆಗಳನ್ನು ಅಳಿಸಿತು, ಎಸೆಯಿತು. ಟ್ರೌಟನ್ನನ ಮೊದಲ ಕಥೆಯ ಆರು ಭಾಗಗಳೂ ಹಾಗೆ ಹೋದುವು. ಆದರೆ ಪ್ರಸಾರದ ದಿನಗಳಲ್ಲಿಯೇ ಕೆಲವು ಎಳೆಯ ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರನ್ನಿಟ್ಟು ಧ್ವನಿಯನ್ನು ಹಿಡಿದಿದ್ದರು. ಕಳೆದುಹೋದ ಪ್ರತಿಯೊಂದು ಭಾಗದ ಮಾತೂ ಹೀಗೆ ಉಳಿಯಿತು. 2016ರಲ್ಲಿ ಸಂಸ್ಥೆಯು ಆ ಧ್ವನಿಗೆ ಚಲಿಸುವ ಚಿತ್ರಗಳನ್ನು ಬರೆಯಿಸಿ, ಮೊದಲ ದೇಹಾಂತರದ ಕಥೆಯನ್ನು ಮತ್ತೆ ಜನರ ಮುಂದಿಟ್ಟಿತು.