ಕಡಲ ಹದ್ದಿನ ಬೆನ್ನು ಹತ್ತಿ

ಹದ್ದು ಎಂದರೆ ಯಾವ ಹಕ್ಕಿ ಎಂದು ನಮ್ಮ ಕರಾವಳಿಯಲ್ಲಿ ಕೇಳಿ ನೋಡಿ. ಹತ್ತು ಜನ ಹತ್ತು ಹಕ್ಕಿ ತೋರಿಸುತ್ತಾರೆ. ಮೀನು ಪೇಟೆಯ ಮೇಲೆ ಸುತ್ತುವ ಕಂದು ಹಕ್ಕಿಯೂ ಹದ್ದೇ, ಆಕಾಶದ ತುದಿಯಲ್ಲಿ ರೆಕ್ಕೆ ಅಲುಗಿಸದೆ ತೇಲುವುದೂ ಹದ್ದೇ, ಸತ್ತ ದನ ತಿನ್ನುವುದು ರಣಹದ್ದು. ತಲೆ ಎದೆ ಬಿಳಿಯಾಗಿ ಮೈ ಇಟ್ಟಿಗೆ ಕೆಂಪಾಗಿದ್ದರೆ ಮಾತ್ರ ಅದಕ್ಕೆ ಗರುಡ ಎಂಬ ದೊಡ್ಡ ಹೆಸರು, ಜೊತೆಗೆ ಕೈಮುಗಿಯುವ ಮರ್ಯಾದೆ. ಅದೇ ಹಕ್ಕಿಯ ಕಂದು ಬಣ್ಣದ ಮರಿ ಹಾರಿಹೋದರೆ ಯಾರೂ ಕೈಮುಗಿಯುವುದಿಲ್ಲ. ಅದು ಕೋಳಿಮರಿ ಕದಿಯುವ ಹದ್ದು.

ನಾವು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದವರು. ಉರ್ದುವಿನಲ್ಲಿ ಚೀಲ್, ಬಾಜ್, ಉಖಾಬ್, ಶಾಹೀನ್, ಗಿದ್ಧ್ ಎಂದು ಐದು ಹೆಸರುಗಳಿದ್ದವು, ಆದರೆ ನಮ್ಮ ಉಸ್ತಾದರಿಗೂ ನಮಗೂ ಒಂದನ್ನೂ ಗುರುತಿಸಲು ಬರುತ್ತಿರಲಿಲ್ಲ. ಇಕ್ಬಾಲ್ ಸಾಹೇಬರ ಶಾಹೀನ್ ನಮಗೆಲ್ಲ ಬಾಯಿಪಾಠ. ಅವರ 'ಬಾಲೆ ಜಿಬ್ರೀಲ್' ಬಂದದ್ದು 1935ರಲ್ಲಿ. ಅಂದಿನಿಂದ ಆ ಹಕ್ಕಿ ಮುಸ್ಲಿಂ ಹುಡುಗರ ಎದೆಯಲ್ಲಿ ಹಾರುತ್ತಲೇ ಇದೆ: ಗೂಡು ಕಟ್ಟದ, ಎಂಜಲು ಮುಟ್ಟದ, ಬಂಡೆಯ ಮೇಲೆ ಒಂಟಿಯಾಗಿ ಬದುಕುವ ಫಕೀರ ಹಕ್ಕಿ. ನಮ್ಮ ಶಾಲೆಯ ಗೋಡೆಯ ಮೇಲೆ ಶಾಹೀನ್ ಎಂದು ಬರೆದು ಬಿಡಿಸಿದ್ದ ಚಿತ್ರ ಮಾತ್ರ ಅಪ್ಪಟ ಉಖಾಬ್‌ನದ್ದು. ಶಾಹೀನ್ ಹದ್ದಿನ ಜಾತಿಗೆ ಸೇರಿದ್ದಲ್ಲ, ಅದು ಹಾರುವ ಹಕ್ಕಿಯನ್ನು ಗಾಳಿಯಲ್ಲೇ ಹೊಡೆಯುವ ಚಿಕ್ಕ ಮೈಯ ಬೇಟೆ ಹಕ್ಕಿ ಎಂದು ತಿಳಿಯುವಷ್ಟರಲ್ಲಿ ನಮ್ಮ ತಲೆ ನರೆತಿತ್ತು. ಇಕ್ಬಾಲರು ಸರಿಯಾಗಿಯೇ ಬರೆದಿದ್ದಾರೆ. ಶಾಹೀನ್ ಕಡ್ಡಿ ಕೂಡಿಸಿ ಗೂಡು ಕಟ್ಟುವುದಿಲ್ಲ, ಬಂಡೆಯ ಅಂಚಿನಲ್ಲಿ ಮೊಟ್ಟೆ ಇಡುತ್ತದೆ. ಗೋಡೆಯ ಚಿತ್ರಗಾರನಿಗೆ ಯಾರೂ ಅದನ್ನು ಹೇಳಿರಲಿಲ್ಲ ಅಷ್ಟೆ.

ಈಗ ನಾವು ಮೂವರು ಹದ್ದಿನ ಫೋಟೊ ತೆಗೆಯಲು ಕಲಿಯುತ್ತಿದ್ದೇವೆ. ಒಬ್ಬರು ಉರ್ದು ಶಾಲೆಯ ಮಾಸ್ತರು, ಒಬ್ಬರು ಮದುವೆ ಫೋಟೊ ತೆಗೆಯುವ ಸ್ಟುಡಿಯೋದವರು, ಇನ್ನೊಬ್ಬರು ಕಥೆ ಬರೆಯುವವರು. ನಮ್ಮ ಹಿರಿಯರ ಕಾಲದಲ್ಲಿ ತಸ್ವೀರ್ ತೆಗೆಸಿಕೊಳ್ಳುವುದು ಸರಿಯೋ ತಪ್ಪೋ ಎಂದು ಮನೆಮನೆಯಲ್ಲಿ ಚರ್ಚೆ. ಹಜ್ ಅರ್ಜಿಗೆ ಫೋಟೊ ಅಂಟಿಸಬೇಕೆಂದು ತಿಳಿದ ದಿನ ಅನೇಕ ಅಜ್ಜಿಯಂದಿರ ಚರ್ಚೆ ಮುಗಿಯಿತು. ಸ್ಟುಡಿಯೋದ ಗೆಳೆಯರು ಆ ಅಜ್ಜಿಯಂದಿರ ಮೊದಲ ಮತ್ತು ಕೊನೆಯ ಫೋಟೊ ತೆಗೆದವರು. ಹಕ್ಕಿ ಅವರಿಗೂ ಹೊಸತು. ಮದುಮಗನಿಗೆ 'ಸ್ವಲ್ಪ ಈ ಕಡೆ ನೋಡಿ' ಎನ್ನಬಹುದು, ಹದ್ದಿಗೆ ಹೇಳುವವರು ಯಾರು?

ನಾವು ಹಿಂದೆ ಬಿದ್ದದ್ದು ಬಿಳಿ ಹೊಟ್ಟೆಯ ಕಡಲ ಹದ್ದಿನ. ಜಾಗ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ. ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ಘಟ್ಟ ಇಳಿದು ಬರುವ ಹೊಳೆ ಇದು. ಕಾಂಡ್ಲ ಗಿಡ, ಕಗ್ಗ ಭತ್ತದ ಗಜನಿ, ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆ ಸುದ್ದಿ ಬಳಚು ಹೆಕ್ಕುವವರಿಗೆ ತಲುಪಿದೆಯೋ ಇಲ್ಲವೋ, ಹದ್ದುಗಳು ಮಾತ್ರ ಮೊದಲಿನಿಂದಲೂ ಇಲ್ಲೇ ಇವೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಹತ್ತಿರ ಹತ್ತಿರ ಎರಡು ಮೀಟರ್. ಬೆನ್ನು ಬೂದಿ, ತಲೆ ಮತ್ತು ಹೊಟ್ಟೆ ಹಾಲು ಬಿಳಿ, ಬಾಲ ಬೆಣೆಯಂತೆ ಮೊಂಡು. ತೇಲುವಾಗ ರೆಕ್ಕೆಗಳನ್ನು ದುವಾಕ್ಕೆ ಎತ್ತಿದ ಕೈಗಳಂತೆ ತುಸು ಮೇಲಕ್ಕೆ ಹಿಡಿಯುತ್ತದೆ. ಮೀನು ಹಿಡಿಯುತ್ತದೆ, ಸಮುದ್ರದ ಹಾವು ಹಿಡಿಯುತ್ತದೆ, ಬೇರೆ ಹಕ್ಕಿ ಹಿಡಿದದ್ದನ್ನು ಅಟ್ಟಿಸಿಕೊಂಡು ಹೋಗಿ ಕಿತ್ತುಕೊಳ್ಳುತ್ತದೆ, ದಡಕ್ಕೆ ಬಿದ್ದ ಸತ್ತ ಮೀನನ್ನೂ ಬಿಡುವುದಿಲ್ಲ. ಇಕ್ಬಾಲರ ಪರೀಕ್ಷೆಯಲ್ಲಿ ಇದು ಪಾಸಾಗುವ ಹಕ್ಕಿಯಲ್ಲ. ನಮಗೆ ಇಷ್ಟವಾದದ್ದು ಅದಕ್ಕೇ ಇರಬೇಕು.

ಸ್ಟುಡಿಯೋದವರ ಹಳೆಯ ಕ್ಯಾಮೆರಾಕ್ಕೆ ಯಾರೋ ಬಳಸಿ ಬಿಟ್ಟ 150-600 ಎಂ.ಎಂ. ಲೆನ್ಸ್ ಕೊಂಡೆವು. ಅದೊಂದೇ ಎರಡು ಕಿಲೋ ಹತ್ತಿರ ತೂಗುತ್ತದೆ. ಮೂರು ನಿಮಿಷ ಕೈಯಲ್ಲಿ ಎತ್ತಿ ಹಿಡಿದರೆ ಹದ್ದು ಬರುವ ಮೊದಲೇ ಭುಜ ಬೀಳುತ್ತದೆ. ಮೊದಲ ತಿಂಗಳು ನಮಗೆ ಸಿಕ್ಕಿದ್ದು ಆಕಾಶದ ಚಿತ್ರಗಳು, ಮೂಲೆಯಲ್ಲಿ ಒಂದು ಮಸಿಯ ಬೊಟ್ಟು. ಕ್ಯಾಮೆರಾದ ಬುದ್ಧಿಯೇ ಹಾಗೆ. ಹಿನ್ನೆಲೆಯ ಬೆಳ್ಳನೆ ಆಕಾಶ ಕಂಡು ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡುತ್ತದೆ, ಹಕ್ಕಿ ಇದ್ದಿಲಾಗುತ್ತದೆ. ಅದೇ ಹಕ್ಕಿ ಕಪ್ಪು ಕಾಂಡ್ಲದ ಮುಂದೆ ಬಂದರೆ ಬೆಳಕು ಹೆಚ್ಚು ಮಾಡುತ್ತದೆ, ಬಿಳಿ ಹೊಟ್ಟೆಯ ಗರಿಗಳೆಲ್ಲ ಅಳಿಸಿಹೋಗಿ ಸುಣ್ಣ ಬಳಿದಂತೆ ಕಾಣುತ್ತದೆ. ಇದನ್ನು ಬಿಡಿಸಿ ಹೇಳಿದವರು ಸ್ಟುಡಿಯೋದವರೇ. 'ನಿಕಾಹ್ ಮನೆಯಲ್ಲೂ ಇದೇ ಕಷ್ಟ. ಬಿಳಿ ಶೇರ್ವಾನಿಯ ಮದುಮಗ, ಪಕ್ಕದಲ್ಲಿ ಕರಿ ಬುರ್ಖಾದ ನಾಲ್ಕು ಜನ. ಕ್ಯಾಮೆರಾವನ್ನು ನಂಬಿದರೆ ಒಬ್ಬರಲ್ಲ ಒಬ್ಬರು ಹಾಳಾಗುತ್ತಾರೆ.' ಬಿದ್ದಿರುವ ಬಿಸಿಲನ್ನು ನೋಡಿ ಶಟರ್, ಅಪರ್ಚರ್ ಎರಡನ್ನೂ ನಾವೇ ಕಟ್ಟಿಹಾಕಿ, ಹಿನ್ನೆಲೆ ಏನೇ ಬದಲಾದರೂ ಮುಟ್ಟದಿರುವುದು ಅವರ ಉಪಾಯ. ಹಾರುವ ಹದ್ದಿಗೆ ಶಟರ್ ಸೆಕೆಂಡಿನ 2000ನೇ ಒಂದು ಭಾಗ ಇದ್ದರೆ ಗರಿಯ ಅಂಚು ನಿಲ್ಲುತ್ತದೆ. 500ಕ್ಕೆ ಇಳಿಸಿದರೆ ಕಣ್ಣು ಚೆನ್ನಾಗಿ ಬಂದರೂ ರೆಕ್ಕೆ ಹೊಗೆಯಾಗುತ್ತದೆ.

ಇನ್ನೊಂದು ಪಾಠವನ್ನು ಗಾಳಿ ಕಲಿಸಿತು. ಹದ್ದು ಏಳುವುದೂ ಕೂರುವುದೂ ಗಾಳಿಗೆ ಎದುರಾಗಿ. ಚಳಿಗಾಲದ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ, ಸೂರ್ಯನೂ ಅತ್ತಲಿಂದಲೇ ಏಳುತ್ತಾನೆ. ಪೂರ್ವಕ್ಕೆ ಬೆನ್ನು ಮಾಡಿ ನಿಂತರೆ ಗಾಳಿ, ಬೆಳಕು ಎರಡೂ ನಮ್ಮ ಬೆನ್ನಿಗೆ, ಹಕ್ಕಿಯ ಮುಖ ನಮ್ಮ ಕಡೆಗೆ. ಫಜ್ರ್ ನಮಾಜ್ ಮುಗಿಸಿ ಹೊರಟರೆ ಒಂಬತ್ತು ಗಂಟೆಯವರೆಗೆ ಸಮಯ. ಆಮೇಲೆ ನೀರಿನ ಮೇಲೆ ಬಿಸಿ ಗಾಳಿ ಕುಣಿಯತೊಡಗುತ್ತದೆ, ಎಂಥ ಲೆನ್ಸ್ ಇದ್ದರೂ ಚಿತ್ರ ಕದಡುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ಸಮುದ್ರದಿಂದ ಬೀಸಲು ಶುರುವಾದರೆ ಹದ್ದು ನಮಗೆ ಬಾಲ ತೋರಿಸುತ್ತದೆ.

ಹೀಗೆ ನೂರಾರು ಚಿತ್ರ ಹೊಡೆದು ಅಳಿಸುವ ನಮಗೆ ಹಿಂದಿನವರನ್ನು ನೆನೆದರೆ ಬೆರಗಾಗುತ್ತದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ತೇಜಸ್ವಿ ಅವರೆಲ್ಲ ರೀಲಿನ ಕಾಲದವರು. 36 ಚಿತ್ರಕ್ಕೆ ರೀಲು ಮುಗಿಯುತ್ತಿತ್ತು, ಏನು ಬಂದಿದೆ ಎಂದು ತಿಳಿಯಲು ತೊಳೆಸುವವರೆಗೆ ಕಾಯಬೇಕಿತ್ತು. ಅದಕ್ಕೂ ಹಿಂದೆ, 1939-40ರಲ್ಲಿ, ಸಾಲಿಂ ಅಲಿ ಸಾಹೇಬರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಹಕ್ಕಿಯನ್ನು ಗುರುತಿಸಲು ಕೋವಿಯೂ ಬೇಕಿತ್ತು. ಹುಡುಗನಾಗಿದ್ದಾಗ ತಾನು ಹೊಡೆದ ಹಳದಿ ಕೊರಳಿನ ಗುಬ್ಬಿಯ ಗುರುತು ಹುಡುಕಿಕೊಂಡು ಹೋಗಿಯೇ ಅವರು ಹಕ್ಕಿಶಾಸ್ತ್ರಕ್ಕೆ ಬಂದದ್ದು.

ದೋಣಿಯವನಿಗೆ ನಮ್ಮ ಶಟರು ಗಿಟರು ಎಲ್ಲ ತಮಾಷೆ. ಒಂದು ದಿನ ತಡೆಯಲಾರದೆ ಹೇಳಿದ: 'ಸಾಹೇಬ್ರೇ, ಇದೆಂಥ ಕಾಯೂದು? ನಾಲ್ಕು ತಾರ್ಲಿ ಬಿಸಾಕ್ತೆ, ನಿಮ್ಮ ತಲೆ ಮೇಲೇ ಬತ್ತದೆ. ಬೆಂಗಳೂರಿನವ್ರೆಲ್ಲ ಹಂಗೇ ತೆಗೀತ್ರು.' ಮೀನು ಎಸೆದರೆ ಅವನಿಗೆ ಇನ್ನೂರು ರೂಪಾಯಿ ಹೆಚ್ಚು. ಮಳೆಗಾಲದಲ್ಲಿ ದೋಣಿ ಮಗುಚಿ ಹಾಕಿ ಮನೆಯಲ್ಲಿ ಕೂರುವವನಿಗೆ ಅದು ಸಣ್ಣ ದುಡ್ಡಲ್ಲ.

ನಮ್ಮೊಳಗೇ ಜಗಳ ಹತ್ತಿತು. ಮಾಸ್ತರು ಹಳೆ ದೆಹಲಿಯ ಮಾತು ತೆಗೆದರು. ಅಲ್ಲಿ ಚೀಲ್‌ಗಳಿಗೆ ಮಾಂಸದ ತುಂಡು ಎಸೆಯುವುದನ್ನು ಸದಕಾ ಎಂದು ನಂಬುವ ರೂಢಿ ಮುಸ್ಲಿಮರಲ್ಲಿದೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡು ಬೀಳುವ ಚೀಲ್‌ಗಳಿಗೆ ಔಷಧ ಮಾಡುವ ನದೀಮ್ ಮತ್ತು ಸವೂದ್ ಎಂಬ ಅಣ್ಣತಮ್ಮಂದಿರ ಬಗ್ಗೆ ಶೌನಕ್ ಸೇನ್ 2022ರಲ್ಲಿ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರವನ್ನೇ ಮಾಡಿದರು. 'ಅವರು ಹಾಕಿದರೆ ಸವಾಬ್, ನಾವು ನಾಲ್ಕು ತಾರ್ಲಿ ಹಾಕಿದರೆ ಗುನಾಹವೇ?' ಎಂದರು ಮಾಸ್ತರು. ಸದಕಾ ಕೊಡುವವನು ಕೈಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವುದಿಲ್ಲ ಎಂದು ಕಥೆಗಾರರ ಉತ್ತರ. ದೋಣಿ ಕಂಡರೆ ಮೀನು ಎಂದು ಕಲಿತ ಹಕ್ಕಿ ಕಾಡುಹಕ್ಕಿಯಾಗಿ ಉಳಿಯುವುದೇ? ನಾಳೆ ಯಾವ ದೋಣಿಯ ಬಲೆಗೆ ಇಳಿದು ಯಾರ ಹೊಡೆತ ತಿನ್ನುತ್ತದೋ? ಕೊನೆಗೆ ಮೀನು ಎಸೆಯದೆ, ಇನ್ನೂರು ರೂಪಾಯಿ ಮಾತ್ರ ಕೊಡುವುದೆಂದು ತೀರ್ಮಾನವಾಯಿತು. ದೋಣಿಯವನಿಗೆ ನಮ್ಮ ತಲೆ ನೆಟ್ಟಗಿಲ್ಲ ಎಂಬುದು ಅಂದೇ ಖಾತ್ರಿಯಾಯಿತು. ಆದರೆ ನಂಬಿಕೆಯೂ ಬಂದಿರಬೇಕು. ಮುಂದಿನ ವಾರ ಅವನೇ ಗೂಡಿನ ಸುದ್ದಿ ಹೇಳಿದ.

ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಹೊಳೆಯ ದಂಡೆಯಲ್ಲಿ ಒಂದು ಹಳೆಯ ಕಾಡುಮಾವಿನ ಮರ, ತುದಿಯ ಕವಲಿನಲ್ಲಿ ಎತ್ತಿನಗಾಡಿಯ ಚಕ್ರದಷ್ಟು ಅಗಲದ ಕಡ್ಡಿಯ ರಾಶಿ. ಕಡಲ ಹದ್ದು ಒಮ್ಮೆ ಕಟ್ಟಿದ ಗೂಡನ್ನೇ ವರ್ಷವರ್ಷವೂ ರಿಪೇರಿ ಮಾಡಿ ಬಳಸುತ್ತದೆ, ಗೂಡು ಬೆಳೆಯುತ್ತಲೇ ಹೋಗುತ್ತದೆ. ಎರಡು ಮೊಟ್ಟೆ ಇಟ್ಟರೂ ಹಲವು ಸಲ ಉಳಿಯುವುದು ಒಂದೇ ಮರಿ. ಮರ ಇರುವುದು ಎಪ್ಪತ್ತು ದಾಟಿದ ನಾಯ್ಕರೊಬ್ಬರ ಜಾಗದಲ್ಲಿ. 'ನಮ್ಮಪ್ಪನ ಕಾಲದಿಂದ ಅದೇ ಜೋಡಿ' ಎಂದರು. ಅದೇ ಜೋಡಿ ಇರಲಾರದು, ಅದೇ ಗೂಡು ಇರಬಹುದು. ನಾವು ತಿದ್ದಲು ಹೋಗಲಿಲ್ಲ.

ಜನವರಿಯಲ್ಲಿ ನಾವು ಮೊದಲು ಹೋದಾಗ ಗೂಡಿನ ಅಂಚಿನಲ್ಲಿ ಕಂದು ತಲೆಯೊಂದು ಇಣುಕುತ್ತಿತ್ತು. ಸ್ಟುಡಿಯೋದವರಿಗೆ ಹತ್ತಿರ ಹೋಗುವ ಆಸೆ. ಮಾಸ್ತರು ಆಗ ಅಬೂದಾವೂದ್ ಹದೀಸ್ ಸಂಗ್ರಹದ ಒಂದು ಪ್ರಸಂಗ ನೆನಪಿಸಿದರು. ಪ್ರಯಾಣದಲ್ಲಿ ಸಹಾಬಿಗಳು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಬಂದು ರೆಕ್ಕೆ ಬಡಿಯುತ್ತದೆ. ಪ್ರವಾದಿಯವರು ಅದನ್ನು ಕಂಡು, ಮರಿಗಳ ವಿಷಯದಲ್ಲಿ ಇದಕ್ಕೆ ನೋವು ಕೊಟ್ಟವರು ಯಾರೆಂದು ವಿಚಾರಿಸಿ ಮರಿಗಳನ್ನು ಹಿಂದಕ್ಕೆ ಕೊಡಿಸುತ್ತಾರೆ. ನಾವು ಮರಿಯನ್ನು ಮುಟ್ಟುವವರಲ್ಲ ನಿಜ. ಆದರೆ ಗೂಡಿನ ಬುಡದಲ್ಲಿ ಮನುಷ್ಯರು ಸುಳಿದರೆ ಕಡಲ ಹದ್ದು ಗೂಡು ಬಿಟ್ಟು ಏಳುತ್ತದೆ. ತಾಯಿ ಎದ್ದರೆ ಮರಿಗೆ ಬಿಸಿಲು, ಕಾಗೆ. ಗಂಡು ಹೆಣ್ಣು ಎರಡೂ ಸೇರಿ ಬಾತುಕೋಳಿಯಂತೆ ಕೂಗತೊಡಗಿದರೆ ನಾವು ಮಿತಿ ದಾಟಿದ್ದೇವೆ ಎಂದು ಅರ್ಥ. ಅವು ಸುಮ್ಮನಿರುವಷ್ಟು ದೂರದಲ್ಲಿ ನಾಯ್ಕರ ಕೊಟ್ಟಿಗೆ ಇತ್ತು. ಹುಲ್ಲಿನ ಮರೆಯಲ್ಲಿ, ದನಗಳ ಪಕ್ಕ, ಆರು ಭಾನುವಾರ ಕೂತೆವು. ದನಗಳಿಗೆ ನಮ್ಮ ಪರಿಚಯವಾಯಿತು.

ಮೂರನೆಯ ಭಾನುವಾರ ವಾಪಸು ಬರುವಾಗ ರಸ್ತೆಯಲ್ಲಿ ಕೆಲವು ಹುಡುಗರು ಬೈಕು ಅಡ್ಡ ನಿಲ್ಲಿಸಿದರು. ಮೂರು ಜನ, ಎರಡು ಗಡ್ಡ, ಉದ್ದ ಲೆನ್ಸು, ಸಮುದ್ರದ ದಂಡೆ. ಹೆಸರು ಕೇಳಿದರು, ಗುರುತಿನ ಚೀಟಿ ಕೇಳಿದರು, ಅದರ ಫೋಟೊ ಹೊಡೆದುಕೊಂಡರು. ಕೇಳುವ ಅಧಿಕಾರ ಅವರಿಗಿದೆಯೇ ಎಂದು ನಾವು ಕೇಳಲಿಲ್ಲ. ಕರಾವಳಿಯಲ್ಲಿ ಬದುಕುವವರಿಗೆ ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂದು ಗೊತ್ತಿರುತ್ತದೆ. ಕ್ಯಾಮೆರಾದ ಚಿತ್ರ ತೋರಿಸಿ ಎಂದರು. ಒಂದಾದ ಮೇಲೊಂದು ಹದ್ದು, ಹದ್ದು, ಹದ್ದಿನ ಬಾಲ, ನಾಯ್ಕರ ಎಮ್ಮೆ. ಒಬ್ಬ ಹುಡುಗ ಮಾತ್ರ ಒಂದು ಚಿತ್ರಕ್ಕೆ ನಿಂತ. 'ಇದು ಹಾವು ಹಿಡ್ದದ್ದು ಅಲ್ದಾ?' ಎಂದ. ಹೌದು ಎಂದೆವು. ಬೈಕು ಸರಿಯಿತು. ಮನೆ ಮುಟ್ಟುವವರೆಗೆ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಮುಂದಿನ ಭಾನುವಾರ ಹೋಗಬೇಕೇ ಎಂದು ಮನೆಯವರೆಲ್ಲ ಕೇಳಿದರು. ಹೋದೆವು. ಆದರೆ ಅಂದಿನಿಂದ ಲೆನ್ಸನ್ನು ಚೀಲದಿಂದ ತೆಗೆಯುವುದು ಕೊಟ್ಟಿಗೆಯೊಳಗೆ ಕೂತ ಮೇಲೆಯೇ.

ಫೆಬ್ರವರಿ ಕೊನೆಯ ವಾರ ಮರಿ ಕೊಂಬೆಯ ತುದಿಗೆ ಬಂದು ನಿಂತಿತು. ಮೈಯೆಲ್ಲ ಕಂದು, ಅಪ್ಪ ಅಮ್ಮನ ಬಿಳಿ ಬಣ್ಣ ಪೂರ್ತಿ ಬರಲು ಇನ್ನು ನಾಲ್ಕೈದು ವರ್ಷ ಬೇಕು. ರೆಕ್ಕೆ ಬಿಚ್ಚಿತು, ಗಾಳಿ ಎತ್ತಿತು, ಹೆದರಿ ಮತ್ತೆ ಕೂತಿತು. ಎಂಟೂಕಾಲಿಗೆ ಹಾರಿತು. ಮೂವರಲ್ಲಿ ಒಬ್ಬರು ಹೊಡೆದ ಹನ್ನೊಂದು ಚಿತ್ರಗಳಲ್ಲಿ ಒಂದರಲ್ಲಿ ಕಣ್ಣು, ಉಗುರು, ಪ್ರತಿಯೊಂದು ಗರಿ ನಿಚ್ಚಳ. ಯಾರು ಹೊಡೆದದ್ದೆಂದು ನಾವು ಯಾರಿಗೂ ಹೇಳಿಲ್ಲ.

ಅಂದೇ ನಾಯ್ಕರು ಚಹಾ ಕೊಡುತ್ತ ಹೇಳಿದರು, 'ಮಾಸ್ತರ್ರೇ, ಮರಿ ಹಾರ್ಲಿ ಅಂತ ಕಾಯ್ತಾ ಇದ್ದೆ. ಮರ ಕೊಡೂದು ಅಂತ ಆಗಿದೆ.' ಮುಂಬಯಿಯಲ್ಲಿರುವ ಮಗನಿಗೆ ಸಾಲವಿದೆಯಂತೆ. ಪೆಟ್ಟಿಗೆ ಮಾಡುವ ಹಲಗೆಗೆಂದು ಕಂಟ್ರಾಕ್ಟರು ಮುಂಗಡ ಕೊಟ್ಟು ಹೋಗಿದ್ದಾನೆ. ಕಡಲ ಹದ್ದು ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ, ಗೂಡು ಕೆಡಿಸುವುದೂ ಅಪರಾಧ ಎಂದು ಕಥೆಗಾರರು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರು ಕಣ್ಣಲ್ಲೇ ತಡೆದರು. ಮರಿ ಹಾರಲಿ ಎಂದು ಸಾಲ ಹೊತ್ತುಕೊಂಡು ಕಾದ ಮನುಷ್ಯನಿಗೆ ಕಾಯಿದೆ ಹೇಳಿ ಹೆದರಿಸುವುದೇ? ಹೇಳದಿದ್ದರೆ ಗೂಡಿನ ಗತಿ? ಈ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಮುಂಗಡದ ಹಣ ನಾವೇ ಕೂಡಿಸಿ ಹಿಂತಿರುಗಿಸಿದರೆ ಹೇಗೆ ಎಂದು ಸ್ಟುಡಿಯೋದವರು ಲೆಕ್ಕ ಹಾಕುತ್ತಿದ್ದಾರೆ.

ನಾಯ್ಕರು ನಮ್ಮಲ್ಲಿ ಕೇಳಿದ್ದು ಒಂದೇ, ಮರಿ ಹಾರುವ ಆ ಫೋಟೊ, ದೊಡ್ಡದು ಮಾಡಿ, ಮರವೂ ಕಾಣುವ ಹಾಗೆ. ಮಗ ಚೌತಿಗೆ ಊರಿಗೆ ಬಂದಾಗ ತೋರಿಸಬೇಕಂತೆ. ಸ್ಟುಡಿಯೋದವರು ಫ್ರೇಮು ಹಾಕಿ ಕೊಟ್ಟರು. ಜಗಲಿಯ ಗೋಡೆಗೆ ತೂಗುಹಾಕಿದ್ದಾರೆ. ಕಂಟ್ರಾಕ್ಟರು ಬರುವುದು ದೀಪಾವಳಿ ಕಳೆದ ಮೇಲೆ. ಹದ್ದುಗಳು ಹೊಸ ಕಡ್ಡಿ ತರಲು ಶುರು ಮಾಡುವುದು ಅದಕ್ಕಿಂತ ಸ್ವಲ್ಪ ಮೊದಲು, ಅಕ್ಟೋಬರಿನಲ್ಲಿ.