ಆರು ವೋಲ್ಟಿನ ಫಟಫಟಿ

2019ರ ಆಗಸ್ಟಿನಲ್ಲಿ ಕೃಷ್ಣೆ ಮನೆಯೊಳಗೆ ಬಂದಾಗ ನಾವು ಎಮ್ಮೆಗಳನ್ನು ಹೊಡೆದುಕೊಂಡು ಎತ್ತರದ ಊರಿಗೆ ಹೋದೆವು. ಟಿವಿ, ಜೋಳದ ಚೀಲಗಳು, ಅವ್ವನ ಟ್ರಂಕು ಅಟ್ಟ ಏರಿದವು. ಅಪ್ಪನ ಯೆಜ್ಡಿ ಮಾತ್ರ ಪಡಸಾಲೆಯಲ್ಲೇ ಉಳಿಯಿತು. ಅಷ್ಟು ಭಾರದ ಕಬ್ಬಿಣವನ್ನು ಯಾರು ಅಟ್ಟಕ್ಕೆ ಏರಿಸುತ್ತಾರೆ? ಹನ್ನೊಂದು ದಿನ ಬಿಟ್ಟು ಬಂದಾಗ ಗೋಡೆಯ ಮೇಲಿನ ಕೆಸರಿನ ಗೆರೆ ಗಾಡಿಯ ಟಾಕಿಗಿಂತ ಒಂದು ಗೇಣು ಮೇಲಿತ್ತು. ಹಿತ್ತಲ ಗೋಡೆ ಬಿದ್ದಿತ್ತು. ಹೊಳೆದಂಡೆಯ ಮೂರೆಕರೆ ಕಬ್ಬು ನಿಂತಲ್ಲೇ ಕೊಳೆತಿತ್ತು.

ಅಪ್ಪ ಆ ಗಾಡಿ ತಂದದ್ದು 1984ರ ನವೆಂಬರಿನಲ್ಲಿ, ನಿಪ್ಪಾಣಿಯಲ್ಲಿ ತಂಬಾಕು ಮಾರಿ ಬಂದ ದುಡ್ಡಿನಲ್ಲಿ. ಯೆಜ್ಡಿ ರೋಡ್‌ಕಿಂಗ್, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ ಆಗುತ್ತದೆ. ಹೊಸಬರು ಇದನ್ನು ಹುಡುಕುತ್ತಾ ಬಗ್ಗಿ ಕೂತಾಗ ಅಪ್ಪನಿಗೆ ಭಾರಿ ಖುಷಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಸಾಮಾನು ಬೇಕಾದರೆ ಹಳೆ ಅಂಗಡಿಗಳ ಕಪಾಟಿನ ಹಿಂದೆ, ಇಲ್ಲವೇ ಗುಜರಿಯಲ್ಲಿ ಹುಡುಕಬೇಕು. ಆದರೂ ಅಪ್ಪ ಗಾಡಿ ಬಿಡಲಿಲ್ಲ.

ಹೊಳೆ ಇಳಿದ ಮೇಲೆ ಬಿಡುವ ಮಾತನ್ನು ಅಪ್ಪನೇ ಎತ್ತಿದ. ಬೆಳಗಾವಿಯ ಹಳೆ ಗಾಡಿ ಶೋಕಿಯವರೊಬ್ಬರು ಫೋನ್ ಮಾಡಿದ್ದರು. ಹಿಂದಿನ ವರ್ಷ ಜಾವಾ ಹೆಸರಿನ ಹೊಸ ಗಾಡಿ ಮಾರುಕಟ್ಟೆಗೆ ಬಂದಿತ್ತು. ಅದರಿಂದಲೋ ಏನೋ, ಹಳೆಯವನ್ನು ಕೇಳುವವರೂ ಹುಟ್ಟಿಕೊಂಡಿದ್ದರು. ಅವರ ಲೆಕ್ಕ ಸರಳ: ಚಾಲೂ ಇದ್ದರೆ 45,000, ಇಲ್ಲದಿದ್ದರೆ 12,000. ಕಾಗದಪತ್ರವೂ ಚೊಕ್ಕ ಇರಬೇಕು. ಹದಿನೈದು ವರ್ಷ ಮುಗಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕಲ್ಲ, ನಮ್ಮದರ ಸರದಿ ಅದೇ ನವೆಂಬರಿಗೆ ಬಂದಿತ್ತು. ಅಂದರೆ ಗಾಡಿಯನ್ನು ಚಿಕ್ಕೋಡಿಯ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು.

"ಗ್ವಾಡಿ ಕಟ್ಟಬೇಕಾಗೇತಿ. ನೀ ಗಾಡಿ ಚಾಲೂ ಮಾಡು," ಅಂದ ಅಪ್ಪ. ಅವನ ಬಲಗಾಲಿನ ಮಂಡಿ ಸವೆದು ಎರಡು ವರ್ಷವಾಗಿತ್ತು, ಕಿಕ್ ಹೊಡೆಯುವುದು ಅವನಿಂದ ಆಗುತ್ತಿರಲಿಲ್ಲ.

ನಾನು ರಾಯಬಾಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಹಳಗನ್ನಡ ಪಾಠ ಮಾಡುವವನು. ಇಂಜಿನ್ ಬಿಚ್ಚಿ ಕೆಸರು ತೆಗೆದು, ಎಣ್ಣೆ ಬದಲಿಸಿ, ಕಾರ್ಬೊರೇಟರ್ ತೊಳೆದುಕೊಟ್ಟದ್ದು ಊರಿನ ಹುಡುಗ. "ಕರಂಟಿನ ಕೆಲಸ ನನಗ ತಿಳಿಯಂಗಿಲ್ರೀ ಸರ್," ಎಂದು ಅವನು ಅಲ್ಲಿಗೇ ಕೈ ಬಿಟ್ಟ. ಅದು ನನ್ನ ಪಾಲಿಗೆ ಬಂತು.

ಇಲ್ಲಿ ಸ್ವಲ್ಪ ಪಾಠ ಹೇಳದೆ ಗತಿಯಿಲ್ಲ. ಈ ಗಾಡಿಯಲ್ಲಿ ಬ್ಯಾಟರಿಯ ಕರಂಟು ಕೀಲಿಯಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಪಾಯಿಂಟಿಗೆ ಬರುತ್ತದೆ. ಪಾಯಿಂಟ್ ಎಂದರೆ ಇಂಜಿನ್ ತಿರುಗಿದಂತೆ ಕೂಡುವ, ಬಿಡುವ ಎರಡು ಸಣ್ಣ ಬಿಲ್ಲೆಗಳು. ಕೂಡಿದಾಗ ಕಾಯಿಲ್‌ನಲ್ಲಿ ಕರಂಟು ಹರಿದು ಅಯಸ್ಕಾಂತದ ಬಲ ತುಂಬಿಕೊಳ್ಳುತ್ತದೆ. ಬಿಟ್ಟಾಗ ಆ ಬಲ ಒಮ್ಮೆಲೇ ಕುಸಿದು, ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಕೆಟ್ಟರೆ ಕಿಡಿ ಪಾಯಿಂಟಿನಲ್ಲೇ ಹಾರಿ ಪ್ಲಗ್ಗಿಗೆ ಸೊರಗಿದ್ದು ಮಾತ್ರ ಸಿಗುತ್ತದೆ. ಇಷ್ಟೇ. ಇದರಲ್ಲಿ ಎಲ್ಲೋ ಒಂದು ಕಡೆ ನಮ್ಮ ಕರಂಟು ಸೋರುತ್ತಿತ್ತು.

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದೆ. ಒಮ್ಮೆ ಸಣ್ಣ ಹಳದಿ ಕಿಡಿ, ಮೂರು ಸಲ ಏನೂ ಇಲ್ಲ. ಹೊಸ ಪ್ಲಗ್ ತಂದೆ. ಮತ್ತದೇ. ಪಾಯಿಂಟುಗಳನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ಬಿಳಿ ಕಾಗದ ಎಳೆದು ಒರೆಸಿ, ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಸಂದು ಬಿಟ್ಟೆ. ಕಂಡೆನ್ಸರ್ ಬದಲಿಸಿದೆ. ಆಮೇಲೆ ಕಾಯಿಲ್ಲೇ ನೀರು ಕುಡಿದಿದೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ನಿಪ್ಪಾಣಿಯಲ್ಲಿ ಎರಡು ದಿನ ಅಲೆದು ಆರು ವೋಲ್ಟಿನ ಕಾಯಿಲ್ ಹುಡುಕಿ ತಂದೆ. ಅದನ್ನು ಹಾಕಿದ ಸಂಜೆ ಗಾಡಿ 'ಡುಗ್ ಡುಗ್' ಅಂದು ಎರಡು ನಿಮಿಷ ಓಡಿ ನಿಂತಿತು. ಆ ಎರಡು ನಿಮಿಷ ನನ್ನನ್ನು ಎಷ್ಟು ಕೆಡಿಸಿತೆಂದರೆ, ಮರುದಿನವೇ ಹೊಸ ಬ್ಯಾಟರಿಗೂ ದುಡ್ಡು ಕೊಟ್ಟೆ. ಮರುದಿನ ಮತ್ತೆ ಸುಮ್ಮನಾಯಿತು. ಅಷ್ಟರಲ್ಲಿ 3,400 ರೂಪಾಯಿ ಖರ್ಚಾಗಿತ್ತು. ಕಾಲೇಜಿನ ಸಂಬಳ ಬಂದು ಮೂರು ತಿಂಗಳಾಗಿತ್ತು.

ನಾನು ದುಡುಕಿದೆನೆಂದು ಹೇಳಬೇಡಿ, ನನ್ನ ಹತ್ತಿರ ಟೆಸ್ಟಿಂಗ್ ಬಲ್ಬ್ ಇತ್ತು. ಮೀಟರಿನ ಒಳಗಿನ ಸಣ್ಣ ಬಲ್ಬಿಗೆ ಎರಡು ವಾಯರ್ ಕಟ್ಟಿಕೊಂಡಿದ್ದೆ. ಕೀಲಿ, ಕಾಯಿಲ್, ಪಾಯಿಂಟ್, ಎಲ್ಲಿ ಹಚ್ಚಿದರೂ ಬಲ್ಬ್ ಉರಿಯುತ್ತಿತ್ತು. ಕರಂಟು ಎಲ್ಲ ಕಡೆ ಬರುತ್ತಿದೆ, ಕಿಡಿ ಮಾತ್ರ ಇಲ್ಲ ಎಂದರೆ ಸಾಮಾನೇ ಕೆಟ್ಟಿರಬೇಕಲ್ಲ?

ದೀಪಾವಳಿ ಮುಗಿದ ವಾರ ಅಪ್ಪ ಹುಣಸೆಮರದ ಕೆಳಗೆ ಕೂತು, "ಹನ್ನೆರಡು ಸಾವಿರ ಬಂದಷ್ಟು ಬರಲಿ, ಕೊಟ್ಟಬಿಡೂನು," ಅಂದ. ಗೋಡೆಗೆ ಸಿಮೆಂಟ್ ಇಳಿಸಿದವರು ಎರಡು ಸಲ ಬಂದು ಹೋಗಿದ್ದರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಇನ್ನೊಂದು ವಾರ ತಡಿ ಅಪ್ಪಾ."

ಅವನಿಗೆ ಆಗ ನೆನಪಾದದ್ದು ಮಿಸ್ತ್ರಿ ಕಾಕಾ. ಮೊದಲು ಚಿಕ್ಕೋಡಿಯಲ್ಲಿ ಯೆಜ್ಡಿ ಕೆಲಸ ಮಾಡುತ್ತಿದ್ದವರು, ಈಗ ಮಗನ ಮನೆಯೆಂದು ಅಥಣಿಯಲ್ಲಿದ್ದರು. ಗಾಡಿಯನ್ನು ಟೆಂಪೋಕ್ಕೆ ಏರಿಸಿ, ಅಂಕಲಿ ಬಿಟ್ಟು ಮಾಂಜರಿ ಸೇತುವೆ ದಾಟಿ, ಕಾಗವಾಡದ ಮೇಲೆ ಹಾಯ್ದು ಹೋದೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಕಪ್ಪಗಾದ ಕಬ್ಬು. ಅಪ್ಪ ಡ್ರೈವರನ ಪಕ್ಕ ಕೂತು ಯಾರ ಹೊಲ ಯಾವುದೆಂದು ಹೇಳುತ್ತಾ ಬಂದ, ಕಾಗವಾಡ ಬಂದ ಮೇಲೆ ಸುಮ್ಮನಾದ.

ಕಾಕಾನಿಗೆ ಎಪ್ಪತ್ತು ದಾಟಿರಬೇಕು. ಕಣ್ಣಿಗೆ ದಪ್ಪ ಚಸ್ಮಾ. ನಾನು ಏನೇನು ಬದಲಿಸಿದೆ ಎಂದು ಒಂದೊಂದಾಗಿ ಹೇಳಿದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಹಾರ್ನ್ ಹೆಂಗ ಬಡೀತೈತಿ, ತಮ್ಮಾ?"

"ಕಪ್ಪಿ ಒದರಿದಂಗ ಒದರತೈತ್ರೀ ಕಾಕಾ. ನೀರಾಗ ನಿಂತಿತ್ತಲ್ರೀ, ಅದಕ್ಕ."

"ಹೊಸಾ ಬ್ಯಾಟರಿ ಹಾಕಿದ ಮ್ಯಾಲೂ ಹಂಗೇನ?"

"ಹೌದ್ರಿ."

ಅವರು ಅಪ್ಪನ ಮುಖ ನೋಡಿ ನಕ್ಕರು. ನನ್ನ ಬಲ್ಬ್ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಪಕ್ಕಕ್ಕಿಟ್ಟರು. "ಈ ಸಣ್ಣದು ಸುಳ್ಳ ಹೇಳತೈತಿ. ಒಂದು ಎಳಿ ಉಳಿದಿದ್ರೂ ಉರೀತೈತಿ." ಒಳಗಿನಿಂದ ಹೆಡ್‌ಲೈಟಿನ ಹಳೆಯ ಬಲ್ಬ್ ತಂದರು. ಮೊದಲು ಅದರ ಎರಡೂ ವಾಯರನ್ನು ನೇರ ಬ್ಯಾಟರಿಯ ಎರಡು ತುದಿಗೆ ಹಚ್ಚಿದರು. ಬಿಳಿ ಬೆಳಕು. ಆಮೇಲೆ ಒಂದನ್ನು ಅಲ್ಲೇ ಬಿಟ್ಟು, ಬ್ಯಾಟರಿಯ ಅರ್ಥಿಂಗ್ ತುದಿಗಿದ್ದುದನ್ನು ತೆಗೆದು ಇಂಜಿನ್ನಿನ ಮೈಗೆ ಒತ್ತಿದರು. ಬಲ್ಬಿನ ತಂತಿ ಬೀಡಿಯ ತುದಿಯಂತೆ ಕೆಂಪಗಾಯಿತು, ಅಷ್ಟೇ.

ನಾನು ಎರಡು ತಿಂಗಳು ಹೋಗುವ ಕರಂಟಿನ ಹಿಂದೆಯೇ ಓಡಾಡಿದ್ದೆ. ತಿರುಗಿ ಬರುವ ದಾರಿಯನ್ನು ನೋಡಿಯೇ ಇರಲಿಲ್ಲ. ಬ್ಯಾಟರಿಯಿಂದ ಚಾಸಿಗೆ ಬೋಲ್ಟ್ ಮಾಡಿದ ಅರ್ಥಿಂಗ್ ವಾಯರ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಕಾಕಾ ಅದರ ಮೇಲಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಲ್ಲಿ ಸೀಳಿದರು. ಒಳಗೆ ತಾಮ್ರವೇ ಇರಲಿಲ್ಲ, ಹಸಿರು ಹಿಟ್ಟು. ಹೊಳೆಯ ನೀರು ತುದಿಯಿಂದ ಒಳಗೆ ಹತ್ತಿ ಎಳೆ ಎಳೆಯನ್ನೂ ತಿಂದಿತ್ತು. ಉಳಿದ ಒಂದೆರಡು ಎಳೆಗಳು ನನ್ನ ಸಣ್ಣ ಬಲ್ಬನ್ನು ಉರಿಸಲು ಸಾಕಾಗುತ್ತಿದ್ದವು. ಕಾಯಿಲ್‌ಗೆ, ಹಾರ್ನಿಗೆ ಸಾಲುತ್ತಿರಲಿಲ್ಲ.

ಆಮೇಲೆ ಕಾಲೇಜಿನಲ್ಲಿ ಫಿಜಿಕ್ಸ್ ಸರ್ ಇದನ್ನೇ ಓಮನ ನಿಯಮದಲ್ಲಿ ವಿವರಿಸಿದರು. ಕರಂಟು ಹೆಚ್ಚು ಹರಿದಷ್ಟೂ ಕೆಟ್ಟ ಜೋಡಣೆಯಲ್ಲಿ ವೋಲ್ಟೇಜು ಹೆಚ್ಚು ಬೀಳುತ್ತದೆ. ಹನ್ನೆರಡರಲ್ಲಿ ಎರಡು ಹೋದರೆ ಗಾಡಿ ಹೇಗೋ ನಡೆದೀತು, ಆರರಲ್ಲಿ ಎರಡು ಹೋದರೆ ಮೂರನೆಯ ಒಂದು ಪಾಲೇ ಹೋಯಿತು. ಅವರು ಬೋರ್ಡಿನ ಮೇಲೆ ಬರೆದದ್ದನ್ನು ಕಾಕಾ ಹಾರ್ನಿನಲ್ಲಿ ಕೇಳಿದ್ದರು.

ಕಾಕಾ ಒಂದು ದಪ್ಪ ವಾಯರಿನ ತುಂಡನ್ನು ಬ್ಯಾಟರಿಯಿಂದ ನೇರ ಇಂಜಿನ್ನಿನ ಬೋಲ್ಟಿಗೆ ಹಿಡಿದು, "ಹೊಡಿ," ಅಂದರು. ಎರಡನೇ ಕಿಕ್ಕಿಗೆ ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ. ಓಣಿಯ ಹುಡುಗರು ಬಂದು ನಿಂತರು. ಅಪ್ಪ ಒಂದು ಕೈಯನ್ನು ಟಾಕಿಯ ಮೇಲಿಟ್ಟು, ಏನೋ ಹೇಳಿದ, ಸದ್ದಿನಲ್ಲಿ ನನಗೆ ಕೇಳಲಿಲ್ಲ. ಕಾಕಾ ಹೊಸ ವಾಯರ್ ಹಾಕಿ, ಚಾಸಿಯ ಬಣ್ಣವನ್ನು ಬೋಲ್ಟಿನ ಸುತ್ತ ಕೆರೆದು, ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಕೇಳಿದ್ದು 150 ರೂಪಾಯಿ. ವಾಯರಿನ ರೊಕ್ಕವೂ ಅದರಲ್ಲೇ ಸೇರಿತ್ತು.

ಚಿಕ್ಕೋಡಿಗೆ ನಾನೇ ಓಡಿಸಿಕೊಂಡು ಹೋದೆ, ಅಪ್ಪ ಹಿಂದೆ ಕೂತಿದ್ದ. ಗೇರ್ ಬದಲಿಸಿದಾಗಲೆಲ್ಲ ನನ್ನ ಹೆಗಲನ್ನು ಒತ್ತುತ್ತಿದ್ದ, ನಾನು ತಡ ಮಾಡಿದೆ ಎಂದು ಅದರ ಅರ್ಥ. ಆರ್‌ಸಿ ಕೆಲಸ ಮುಗಿಯಿತು.

ಡಿಸೆಂಬರಿನ ಒಂದು ಭಾನುವಾರ ಬೆಳಗಾವಿಯವರು ಬಂದರು. ಗಾಡಿ ಸುತ್ತ ಎರಡು ಸುತ್ತು ಹಾಕಿ, ಚಾಲೂ ಮಾಡಿ ನೋಡಿ, ಸೀಟು ಎತ್ತಿ ಒಳಗೆ ಬಗ್ಗಿದರು.

"ಈ ಕಾಯಿಲ್ ಹೊಸದಲ್ಲ? ಕಂಪನಿದು ಇಲ್ವೇನ್ರಿ?"

ಇತ್ತು. ಅದಕ್ಕೆ ಏನೂ ಆಗಿರಲಿಲ್ಲ. ಹಳೆ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೆ. ನಾನು ಅಪ್ಪನನ್ನು ನೋಡಿದೆ.

"ತಂದ ಕೊಡು," ಅಂದ ಅಪ್ಪ. "ಅದರ ಮ್ಯಾಲೆ ಐನೂರು ಹೆಚ್ಚ ಕೊಡ್ರಿ ಸಾಹೇಬ್ರ. ಮೂವತ್ತೈದು ವರ್ಷ ಒಂದು ದಿನಾನೂ ಕೈ ಕೊಟ್ಟಿಲ್ಲ."

ಅವರು ಕೊಟ್ಟರು. ನಾನು ಅಟ್ಟ ಹತ್ತಿದೆ.