ದಕ್ಷಿಣದ ರಾಣಿ ಮತ್ತು ಕೊಡ ಇಳಿಸುವ ಕಲ್ಲು

ಬಿಡಿ ಸುದ್ದಿಗಾರರ ಕೆಲಸದಲ್ಲಿ ಅರ್ಧ ಪಾಲು ಹೆಸರಿನದೇ. ಅಪಘಾತವಾಗಲಿ, ಸನ್ಮಾನವಾಗಲಿ, ಸೊಸೈಟಿ ಚುನಾವಣೆಯಾಗಲಿ, ಮೊದಲು ಹೆಸರು ಬರೆದುಕೊಳ್ಳುತ್ತೇವೆ, ಆಮೇಲೆ ಸಂಗತಿ. 'ನಾಗರಾಜ' ಅಂತ ಇರಬೇಕಾದದ್ದು 'ನಾಗರಾಜು' ಅಂತ ಅಚ್ಚಾದರೆ ಬೆಳಗ್ಗೆ ಆರಕ್ಕೇ ಫೋನು ಬರುತ್ತದೆ. ಇಷ್ಟೆಲ್ಲ ಹೆಸರು ಬರೆಯುವ ನಮ್ಮ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಸುದ್ದಿಯ ತಲೆಯ ಮೇಲೆ 'ನಮ್ಮ ವರದಿಗಾರರಿಂದ' ಅಂತ ಇದ್ದರೆ ಅದೇ ಹೆಚ್ಚು. ಅದಕ್ಕೇ ಇರಬೇಕು, ಎಲ್ಲಿ ಒಳ್ಳೆ ಹೆಸರು ಕಂಡರೂ ನಮ್ಮ ಕಣ್ಣು ಅಲ್ಲೇ ನಿಲ್ಲುತ್ತದೆ. ಯಾರಿಟ್ಟರು, ಯಾಕಿಟ್ಟರು ಅಂತ ಕೆದಕದೆ ಸಮಾಧಾನವಾಗುವುದಿಲ್ಲ.

ಹಾಗೆ ಕೆಲವು ವರ್ಷಗಳಿಂದ ನಾವು ಕೆದಕುತ್ತಿರುವುದು ಸ್ಕಾಟ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಹೆಸರು. ನಗಬೇಡಿ. ಶನಿವಾರ ರಾತ್ರಿ ಹತ್ತೂವರೆ ಹೊತ್ತಿಗೆ ಫೋನಿನಲ್ಲಿ ಅಲ್ಲಿನ ಫಲಿತಾಂಶದ ಪಟ್ಟಿ ತೆರೆದು ನೋಡಿ. ಒಬ್ಬಳು ದಕ್ಷಿಣದ ರಾಣಿ. ಒಂದು ಹೃದಯ. ಒಂದು ಮುಳ್ಳುಗಿಡ. ಇಬ್ಬರು ಸಂತರು. ಒಂದು ಶಾಲೆ. ಪಕ್ಕದಲ್ಲಿ ಗೋಲುಗಳ ಅಂಕಿ ಇಲ್ಲದಿದ್ದರೆ ಯಾರಾದರೂ ಇದನ್ನು ಹಳೆಯ ಕಥೆಪುಸ್ತಕದ ಪರಿವಿಡಿ ಅಂದುಕೊಳ್ಳಬೇಕು. ಊರ ಹೆಸರಿಗೆ 'ಯುನೈಟೆಡ್' ಅಂತಲೋ 'ಸಿಟಿ' ಅಂತಲೋ ಅಂಟಿಸಿದರೆ ಕ್ಲಬ್ಬು ಆಗುತ್ತದೆ ನಿಜ, ಆದರೆ ಆ ಹೆಸರಿನಿಂದ ಊರಿನ ಬಗ್ಗೆ ಏನು ತಿಳಿಯಿತು? ಸ್ಕಾಟ್ಲೆಂಡಿನಲ್ಲೂ ಅಂಥವು ಇವೆ. ಅವನ್ನು ಬಿಟ್ಟುಬಿಡೋಣ.

ದೇಶ ಸಣ್ಣದು. ಜನಸಂಖ್ಯೆ ಸುಮಾರು 55 ಲಕ್ಷ. ಅಷ್ಟರಲ್ಲೇ ನಾಲ್ಕು ಹಂತದ ಲೀಗಿನಲ್ಲಿ 42 ಕ್ಲಬ್ಬುಗಳು, ಅದರ ಕೆಳಗೆ ಹಳ್ಳಿ, ಪಟ್ಟಣಗಳ ತಂಡಗಳು ಇನ್ನೆಷ್ಟೋ. ಬಹಳಷ್ಟು ಹುಟ್ಟಿದ್ದು 1870, 80ರ ದಶಕಗಳಲ್ಲಿ. ಗಣಿ, ಗಿರಣಿ, ಹಡಗುಕಟ್ಟೆ, ರೈಲು ವರ್ಕ್‌ಶಾಪುಗಳಲ್ಲಿ ದುಡಿಯುತ್ತಿದ್ದವರು ಶನಿವಾರ ಮಧ್ಯಾಹ್ನ ಸಿಗುತ್ತಿದ್ದ ಬಿಡುವಿನಲ್ಲಿ ಕಟ್ಟಿಕೊಂಡ ತಂಡಗಳು. ಹೆಸರಿಡಲು ಯಾವ ಕಂಪನಿಯವರೂ ಸಲಹೆ ಕೊಟ್ಟಿರಲಿಲ್ಲ. ಕೈಗೆ ಹತ್ತಿರ ಏನಿತ್ತೋ ಅದನ್ನೇ ಇಟ್ಟರು.

ರಾಣಿಯಿಂದಲೇ ಶುರು ಮಾಡೋಣ. ಕ್ವೀನ್ ಆಫ್ ದ ಸೌತ್ ಇರುವುದು ದೇಶದ ದಕ್ಷಿಣದ ಅಂಚಿನ ಡಂಫ್ರೀಸ್ ಎಂಬ ಪಟ್ಟಣದಲ್ಲಿ. ಸ್ಕಾಟ್ಲೆಂಡಿನ ದೊಡ್ಡ ಕವಿ ರಾಬರ್ಟ್ ಬರ್ನ್ಸ್ ಕೊನೆಯುಸಿರೆಳೆದ ಊರು ಅದು. ಆದರೆ ಈ ಹೆಸರು ಕೊಟ್ಟವನು ಬರ್ನ್ಸ್ ಅಲ್ಲ, ಅದೇ ಊರಿನ ಡೇವಿಡ್ ಡನ್‌ಬಾರ್ ಎಂಬ ಇನ್ನೊಬ್ಬ ಕವಿ. 1857ರಲ್ಲಿ ಅವನು ಪಾರ್ಲಿಮೆಂಟ್ ಚುನಾವಣೆಗೆ ನಿಂತಿದ್ದ. ಪ್ರಚಾರದ ಭಾಷಣದಲ್ಲಿ ಊರನ್ನು ಹೊಗಳುತ್ತ 'ದಕ್ಷಿಣದ ರಾಣಿ' ಅಂದುಬಿಟ್ಟ. ಚುನಾವಣಾ ಭಾಷಣ ವರದಿ ಮಾಡಿ ಮಾಡಿ ಸವೆದಿರುವ ನಮಗೆ ಇದು ಭಾರಿ ಖುಷಿ ಕೊಟ್ಟ ಸಂಗತಿ. ಮತದಾನ ಮುಗಿದ ಮಾರನೆಯ ದಿನಕ್ಕೂ ಉಳಿಯದ ಎಷ್ಟು ಮಾತು ನಾವು ಬರೆದುಕೊಂಡಿಲ್ಲ! ಅವನ ಮಾತು ಊರಿಗೆ ಅಂಟಿತು. 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ, ಊರಿನ ತಂಡಗಳು ಸೇರಿ ಒಂದು ಕ್ಲಬ್ಬು ಕಟ್ಟಿದಾಗ ಹೆಸರು ಹುಡುಕಬೇಕಾಗಲೇ ಇಲ್ಲ.

ಬೈಬಲ್ಲಿನಲ್ಲಿ ಷೆಬಾದ ರಾಣಿಗೂ ಇದೇ ಹೆಸರಿದೆ. ಹಾಗಾಗಿ 'ಬೈಬಲ್ಲಿನಲ್ಲಿ ಬರುವ ಒಂದೇ ಫುಟ್‌ಬಾಲ್ ತಂಡ ನಮ್ಮದು' ಅಂತ ಅಲ್ಲಿಯವರು ತಮಾಷೆ ಮಾಡುತ್ತಾರೆ. ತಂಡದ ಅಡ್ಡಹೆಸರು ಇನ್ನೂ ಚೆಂದ, ಡೂನ್‌ಹೇಮರ್ಸ್. ಕೆಲಸಕ್ಕೆಂದು ಗ್ಲಾಸ್ಗೊ ಸೇರಿದ ಡಂಫ್ರೀಸಿನವರು ರಜೆಯಲ್ಲಿ ಊರಿಗೆ ಹೊರಟಾಗ ತಮ್ಮ ಆಡುಮಾತಿನಲ್ಲಿ 'ಡೂನ್ ಹೇಮ್' ಅನ್ನುತ್ತಿದ್ದರಂತೆ, ಅಂದರೆ 'ಕೆಳಗೆ, ಮನೆ ಕಡೆಗೆ'. ಊರು ಬಿಟ್ಟವರು ಊರಿನ ಬಗ್ಗೆ ಆಡಿದ ಮಾತೇ ಊರಿನ ತಂಡದ ಹೆಸರಾಯಿತು. 2008ರಲ್ಲಿ ಎರಡನೇ ಹಂತದಲ್ಲಿ ಆಡುತ್ತಿದ್ದ ಈ ತಂಡ ಸ್ಕಾಟಿಷ್ ಕಪ್ ಫೈನಲ್ ತಲುಪಿ, ಬಲಾಢ್ಯ ರೇಂಜರ್ಸ್ ವಿರುದ್ಧ ಎರಡು ಗೋಲು ಹಿಂದಿದ್ದದ್ದನ್ನು ಸಮ ಮಾಡಿ, ಕೊನೆಗೆ 3-2ರಲ್ಲಿ ಸೋತಿತು.

ಹೃದಯದ ಕಥೆ ಇಷ್ಟು ಹಗುರವಲ್ಲ. ಎಡಿನ್‌ಬರೊ ನಗರದ ನಡುವೆ ಒಂದು ಹಳೆಯ ಜೈಲಿತ್ತು. ಅಲ್ಲಿ ಗಲ್ಲಿಗೂ ಏರಿಸುತ್ತಿದ್ದರು. ಆ ಪ್ರಾಂತ್ಯದ ಹೆಸರು ಮಿಡ್ಲೋಥಿಯನ್. ಅದರ ನಟ್ಟನಡುವೆ ಇದ್ದ ಈ ಜೈಲನ್ನು ಜನ 'ಮಿಡ್ಲೋಥಿಯನ್ನಿನ ಹೃದಯ' ಅಂತ ಕರೆದರು. ಪ್ರೀತಿಯಿಂದ ಅಲ್ಲ, ವ್ಯಂಗ್ಯದಿಂದ. 1817ರಲ್ಲಿ ಜೈಲನ್ನು ಕೆಡವಿದರು. ಮರುವರ್ಷವೇ ವಾಲ್ಟರ್ ಸ್ಕಾಟ್ ಅದೇ ಹೆಸರಿನ ಕಾದಂಬರಿ ಬರೆದು ಪ್ರಕಟಿಸಿದ. ಕಾದಂಬರಿಯ ಹೆಸರು ಆಮೇಲೆ ಒಂದು ನೃತ್ಯ ಮಂದಿರಕ್ಕೆ ಹೋಯಿತು. ಅಲ್ಲಿ ಸೇರುತ್ತಿದ್ದ ಹುಡುಗರು 1874ರಲ್ಲಿ ಫುಟ್‌ಬಾಲ್ ತಂಡ ಕಟ್ಟಿದರು. ಹೀಗೆ ಜೈಲಿನ ಹೆಸರು ಪುಸ್ತಕಕ್ಕೆ, ಪುಸ್ತಕದ್ದು ಕುಣಿತದ ಮನೆಗೆ, ಅಲ್ಲಿಂದ ಆಟದ ಮೈದಾನಕ್ಕೆ ಬಂತು. ಜೈಲಿದ್ದ ಜಾಗದಲ್ಲಿ ಈಗ ರಸ್ತೆಯ ಕಲ್ಲುಹಾಸಿನಲ್ಲೇ ಹೃದಯದ ಆಕಾರ ಕೂರಿಸಿದ್ದಾರೆ. ಹಾದುಹೋಗುವವರು ಅದರ ಮೇಲೆ ಉಗಿಯುತ್ತಾರೆ. ಹಿಂದೆ ಜೈಲಿನ ಮೇಲಿನ ಸಿಟ್ಟಿಗೆ ಉಗಿಯುತ್ತಿದ್ದರಂತೆ, ಈಗ ಅದೃಷ್ಟ ಅನ್ನುತ್ತಾರೆ.

1914ರ ನವೆಂಬರಿನಲ್ಲಿ ಈ ತಂಡ ಲೀಗಿನ ತುದಿಯಲ್ಲಿತ್ತು. ಗಟ್ಟಿಮುಟ್ಟಾದ ಗಂಡಸರು ಯುದ್ಧಕ್ಕೆ ಹೋಗದೆ ಚೆಂಡು ಒದೆಯುತ್ತಿದ್ದಾರೆ ಅನ್ನುವ ಟೀಕೆ ಆಗ ಪತ್ರಿಕೆಗಳಲ್ಲಿ ಜೋರಾಗಿತ್ತು. ಸರ್ ಜಾರ್ಜ್ ಮೆಕ್ರೇ ಎಂಬಾತ ಕಟ್ಟುತ್ತಿದ್ದ ಸೇನಾ ತುಕಡಿಗೆ ಹಾರ್ಟ್ಸ್ ಆಟಗಾರರು ಒಟ್ಟಾಗಿ ಹೋಗಿ ಸೇರಿದರು. ಅವರ ಹಿಂದೆ ಅಭಿಮಾನಿಗಳೂ ಸೇರಿದರು. ರಾತ್ರಿ ಕವಾಯತು, ಶನಿವಾರ ಪಂದ್ಯ. ಆ ವರ್ಷದ ಪ್ರಶಸ್ತಿ ಕೈತಪ್ಪಿತು, ಎರಡನೇ ಸ್ಥಾನ. ಯುದ್ಧ ಮುಗಿಯುವಷ್ಟರಲ್ಲಿ ಏಳು ಆಟಗಾರರು ಸತ್ತಿದ್ದರು. ಅವರಲ್ಲಿ ಮೂವರು ಸೋಮ್ ಕದನದ ಮೊದಲ ದಿನವೇ, 1916ರ ಜುಲೈ 1ರಂದು. ಎಡಿನ್‌ಬರೊದ ಹೇಮಾರ್ಕೆಟ್ಟಿನಲ್ಲಿ ಅವರ ನೆನಪಿನ ಗಡಿಯಾರ ಕಂಬವಿದೆ. ಬರೀ ಚೆಂದದ ಹೆಸರು ಅಂತ ಓದಿಕೊಂಡು ಹೊರಟಿದ್ದ ನಾವು ಇಲ್ಲಿ ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆವು.

ನಕ್ಷೆಯಲ್ಲಿ ಹುಡುಕಿದರೆ ಸಿಗದ ಹೆಸರುಗಳೂ ಇವೆ. ರೇತ್ ರೋವರ್ಸ್ ತಂಡದ ಊರು ಕರ್ಕಾಡಿ. ರೇತ್ ಅಂದರೆ ಅಲ್ಲಿನ ಹಳೆಯ ಜಮೀನುದಾರಿಕೆಯೊಂದರ ಹೆಸರು, ಊರಲ್ಲ. ತಂಡ ಗೆದ್ದಾಗ ಟಿವಿಯವನೊಬ್ಬ 'ಇವತ್ತು ರೇತಿನ ಬೀದಿಗಳಲ್ಲಿ ಕುಣಿತವೋ ಕುಣಿತ' ಅಂದನೆಂಬ ಕಥೆ ಇಂದಿಗೂ ಓಡಾಡುತ್ತಿದೆ. ಸೇಂಟ್ ಜಾನ್‌ಸ್ಟನ್ ಎಂಬ ಊರೂ ಇಲ್ಲ, ಅದು ಪರ್ತ್ ಪಟ್ಟಣದ ಹಳೆಯ ಹೆಸರು. ಪಾರ್ಟಿಕ್ ಥಿಸಲ್ ಪಾರ್ಟಿಕ್ ಬಿಟ್ಟು ಗ್ಲಾಸ್ಗೊದ ಇನ್ನೊಂದು ಬಡಾವಣೆಗೆ ಹೋಗಿ ನೂರು ವರ್ಷ ದಾಟಿತು. ಥಿಸಲ್ ಅಂದರೆ ಮೈಯೆಲ್ಲ ಮುಳ್ಳು, ತಲೆಯಲ್ಲಿ ನೇರಳೆ ಹೂವಿರುವ ಕಾಡುಗಿಡ, ಸ್ಕಾಟ್ಲೆಂಡಿನ ರಾಷ್ಟ್ರೀಯ ಲಾಂಛನ. ದನವೂ ಬಾಯಿ ಹಾಕಲು ಹಿಂಜರಿಯುವ ಗಿಡವನ್ನು ದೇಶದ ಗುರುತು ಮಾಡಿಕೊಂಡವರ ಮೇಲೆ ನಮಗೆ ಗೌರವವಿದೆ. ಅಬರ್ಡೀನ್ ನಗರದ ಒಂದು ತಂಡ ಬಾನ್ ಅಕಾರ್ಡ್. ಅದು ಆ ನಗರದ ಧ್ಯೇಯವಾಕ್ಯ, ಅರ್ಥ 'ಸೌಹಾರ್ದ'. 1885ರ ಸೆಪ್ಟೆಂಬರ್ 12ರಂದು ಆ ಸೌಹಾರ್ದದ ತಂಡಕ್ಕೆ ಆರ್ಬ್ರೋತ್ ಕ್ಲಬ್ಬು ಹೊಡೆದ ಗೋಲು 36. ವಾಪಸ್ ಬಂದದ್ದು ಸೊನ್ನೆ.

ಹ್ಯಾಮಿಲ್ಟನ್ ಅಕಾಡೆಮಿಕಲ್ ಹುಟ್ಟಿದ್ದು ಒಂದು ಶಾಲೆಯಲ್ಲಿ, 1874ರಲ್ಲಿ, ಮುಖ್ಯೋಪಾಧ್ಯಾಯರೂ ವಿದ್ಯಾರ್ಥಿಗಳೂ ಸೇರಿ. ಇನ್ವರೂರಿ ಪಟ್ಟಣದ ತಂಡದ ಹೆಸರು ಲೋಕೊ ವರ್ಕ್ಸ್. ರೈಲು ಎಂಜಿನ್ ಕಾರ್ಖಾನೆಯ ಕೆಲಸಗಾರರ ತಂಡ ಅದು. ಕಾರ್ಖಾನೆ 1969ರಲ್ಲೇ ಬಾಗಿಲು ಹಾಕಿತು. 'ಲೋಕೊಸ್' ಮಾತ್ರ ಇನ್ನೂ ಆಡುತ್ತಿದೆ.

ನಮಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ದೊಡ್ಡ ಲೀಗಿನಲ್ಲಿ ಇಲ್ಲ. ಉತ್ತರದ ಇನ್ವರ್ನೆಸ್ ಪಟ್ಟಣದ ಕ್ಲಾಕ್ನಕುಡಿನ್, 1885ರ ಕ್ಲಬ್ಬು. ಗೇಲಿಕ್ ಭಾಷೆಯಲ್ಲಿ ಅದರ ಅರ್ಥ 'ತೊಟ್ಟಿಯ ಕಲ್ಲು'. ನೆಸ್ ನದಿಯಿಂದ ಮರದ ತೊಟ್ಟಿಗಳಲ್ಲಿ ನೀರು ಹೊತ್ತು ತರುತ್ತಿದ್ದ ಹೆಂಗಸರು ನಡುವೆ ಭಾರ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಕಲ್ಲು. ಅಲ್ಲಿ ನಿಂತು ಏನು ಮಾತಾಡುತ್ತಿದ್ದರೋ, ಯಾರನ್ನು ಬೈಯುತ್ತಿದ್ದರೋ! ಕಲ್ಲು ಈಗಲೂ ಪುರಭವನದ ಎದುರಿಗಿದೆ. ರಾಜನ ಹೆಸರಿಲ್ಲ, ದಾನಿಯ ಹೆಸರಿಲ್ಲ. ನೀರು ಹೊತ್ತವರು ಉಸಿರು ಬಿಟ್ಟ ಜಾಗ, ಅಷ್ಟೇ. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ನಡೆದವರಿಗೆ ಆ ಕಲ್ಲು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಲಸೆ ಬಂದವರ ಹೆಸರುಗಳದು ಬೇರೆಯೇ ಲೆಕ್ಕ. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು 1875ರಲ್ಲಿ ಎಡಿನ್‌ಬರೊದಲ್ಲಿ ಕಟ್ಟಿದ ತಂಡ ಹೈಬರ್ನಿಯನ್, ಲ್ಯಾಟಿನ್ನಿನಲ್ಲಿ ಐರ್ಲೆಂಡಿಗಿರುವ ಹೆಸರಿನಿಂದ ಬಂದದ್ದು. 1887ರಲ್ಲಿ ಗ್ಲಾಸ್ಗೊದ ಬಡ ಮಕ್ಕಳ ಊಟಕ್ಕೆ ಹಣ ಕೂಡಿಸಲು ಬ್ರದರ್ ವಾಲ್ಫ್ರಿಡ್ ಕಟ್ಟಿದ ಕ್ಲಬ್ಬು ಸೆಲ್ಟಿಕ್. ಐರಿಷರೂ ಸ್ಕಾಟರೂ ಇಬ್ಬರೂ ತಮ್ಮದೆನ್ನಬಹುದಾದ ಪದ. ಆ ಸೆಲ್ಟಿಕ್ಕಿಗೆ 1936ರಲ್ಲಿ ನಮ್ಮ ದೇಶದವರೊಬ್ಬರು ಆಡಿದ್ದಾರೆ, ಕಲ್ಕತ್ತದ ಮೊಹಮ್ಮದನ್ ಸ್ಪೋರ್ಟಿಂಗಿನ ಮೊಹಮ್ಮದ್ ಸಲೀಂ. ಬೂಟಿಲ್ಲ, ಕಾಲಿಗೆ ಬರೀ ಬ್ಯಾಂಡೇಜು. ಆಡಿದ್ದು ಎರಡೇ ಪಂದ್ಯ, ಅದೂ ಮೀಸಲು ತಂಡಕ್ಕೆ. ಎದುರಾಳಿಗಳಲ್ಲಿ ಒಂದು ಆ ಶಾಲೆಯ ತಂಡ, ಹ್ಯಾಮಿಲ್ಟನ್ ಅಕಾಡೆಮಿಕಲ್. ಊರಿನ ನೆನಪು ಕಾಡಿ ಸಲೀಂ ಹಡಗು ಹತ್ತಿ ವಾಪಸಾದರು.

ಇಂಥ ಹೆಸರುಗಳು ಭದ್ರವಾಗಿವೆ ಅಂದುಕೊಂಡರೆ ತಪ್ಪು. ಸಾಲ, ಮಾಲೀಕ, ವಿಲೀನ, ಯಾವುದಾದರೊಂದು ಬಂದು ಅಳಿಸಿಬಿಡಬಹುದು. ಎಡಿನ್‌ಬರೊದಲ್ಲಿ ಫೆರಾಂಟಿ ಥಿಸಲ್ ಎಂಬ ತಂಡವಿತ್ತು, ಫೆರಾಂಟಿ ಕಂಪನಿಯ ನೌಕರರದು. 1974ರಲ್ಲಿ ಲೀಗಿಗೆ ಪ್ರವೇಶ ಸಿಕ್ಕಿತು, ಆದರೆ ಕಂಪನಿಯ ಹೆಸರಿಟ್ಟುಕೊಂಡು ಆಡುವಂತಿಲ್ಲ ಎಂದು ಆಗಿನ ನಿಯಮ. ತಂಡ ಮೆಡೋಬ್ಯಾಂಕ್ ಥಿಸಲ್ ಆಯಿತು. 1995ರಲ್ಲಿ ಕ್ಲಬ್ಬನ್ನು ನಗರದಿಂದಲೇ ಎತ್ತಿ, ಪಶ್ಚಿಮಕ್ಕಿರುವ ಲಿವಿಂಗ್‌ಸ್ಟನ್ ಎಂಬ ಹೊಸ ಪಟ್ಟಣಕ್ಕೆ ಒಯ್ದು, ಹೆಸರನ್ನೂ ಲಿವಿಂಗ್‌ಸ್ಟನ್ ಮಾಡಿದರು. ಅಭಿಮಾನಿಗಳು ಪ್ರತಿಭಟಿಸಿದರು, ನಡೆಯಲಿಲ್ಲ. ಲಿವಿಂಗ್‌ಸ್ಟನ್ 2004ರಲ್ಲಿ ಲೀಗ್ ಕಪ್ಪನ್ನೂ ಗೆದ್ದಿತು. ವ್ಯವಹಾರದ ಲೆಕ್ಕದಲ್ಲಿ ಸ್ಥಳಾಂತರ ಸರಿಯಾಗಿಯೇ ಇತ್ತು ಅನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮೆಡೋಬ್ಯಾಂಕಿನ ಮೆಟ್ಟಿಲುಗಳ ಮೇಲೆ ಚಳಿಯಲ್ಲಿ ಕೂತು ಕೂಗಿದವರಿಗೆ ಆ ಕಪ್ಪಿನಿಂದ ಏನು ಸಿಕ್ಕಿತು?

ಗೆದ್ದವರೂ ಇದ್ದಾರೆ. ಫಾಲ್ಕರ್ಕ್ ಪಟ್ಟಣದ ಈಸ್ಟ್ ಸ್ಟರ್ಲಿಂಗ್‌ಶೈರ್ ಕ್ಲಬ್ಬನ್ನು 1964ರಲ್ಲಿ ಅದರ ಒಡೆಯರಾದ ಅಣ್ಣತಮ್ಮಂದಿರು ಗ್ಲಾಸ್ಗೊ ಪಕ್ಕದ ಕ್ಲೈಡ್‌ಬ್ಯಾಂಕಿಗೆ ಸಾಗಿಸಿ, ಅಲ್ಲಿನ ತಂಡದೊಂದಿಗೆ ಬೆರೆಸಿದರು. ಹಳೆಯ ಹೆಸರಿನಲ್ಲಿ ಉಳಿದದ್ದು ಎರಡು ಅಕ್ಷರ, ಇ.ಎಸ್. ಸಣ್ಣ ಷೇರುದಾರರು ಕೋರ್ಟಿಗೆ ಹೋದರು, ಗೆದ್ದರು. ಒಂದೇ ವರ್ಷಕ್ಕೆ ಕ್ಲಬ್ಬು ಪೂರ್ತಿ ಹೆಸರಿನೊಂದಿಗೆ ಊರಿಗೆ ಮರಳಿತು. ಅತ್ತ ಕ್ಲೈಡ್‌ಬ್ಯಾಂಕಿನವರು ಬೇರೆ ಕ್ಲಬ್ಬು ಕಟ್ಟಿಕೊಂಡರು. 2002ರಲ್ಲಿ ಅವರ ಸರದಿ ಬಂತು. ಏರ್‌ಡ್ರಿ ಊರಿನ ಏರ್‌ಡ್ರಿಯೋನಿಯನ್ಸ್, ಅಂದರೆ 'ಏರ್‌ಡ್ರಿಯವರು', ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಆ ಊರಿನವರು ದಿವಾಳಿ ಅಂಚಿನಲ್ಲಿದ್ದ ಕ್ಲೈಡ್‌ಬ್ಯಾಂಕ್ ಕ್ಲಬ್ಬನ್ನು ಕೊಂಡು ತಮ್ಮೂರಿಗೆ ತಂದು 'ಏರ್‌ಡ್ರಿ ಯುನೈಟೆಡ್' ಅಂತ ಹೆಸರಿಟ್ಟರು. ಒಂದೂರಿನ ಹೆಸರು ಉಳಿಯಲು ಇನ್ನೊಂದೂರಿನದು ಹೋಯಿತು. ಕ್ಲೈಡ್‌ಬ್ಯಾಂಕಿನ ಅಭಿಮಾನಿಗಳು ಮರುವರ್ಷ ಕೆಳಹಂತದಲ್ಲಿ ಮೊದಲಿನಿಂದ ತಂಡ ಕಟ್ಟಿದರು. ಏರ್‌ಡ್ರಿಯವರಿಗೆ 'ಯುನೈಟೆಡ್' ಒಗ್ಗಲೇ ಇಲ್ಲ. 2013ರಲ್ಲಿ ಹಳೆಯ ಹೆಸರನ್ನೇ ವಾಪಸ್ ತಂದರು.

ವಾಪಸ್ ಬಾರದ್ದು ಥರ್ಡ್ ಲೆನಾರ್ಕ್. ಸ್ವಯಂಸೇವಕ ಸೈನಿಕರ ದಳವೊಂದು 1872ರಲ್ಲಿ ಕಟ್ಟಿದ ತಂಡ, ದಳದ ಸಂಖ್ಯೆಯೇ ಹೆಸರಾದದ್ದು. 1904ರಲ್ಲಿ ಲೀಗ್ ಗೆದ್ದಿತ್ತು, ಸ್ಕಾಟಿಷ್ ಕಪ್ಪನ್ನು ಎರಡು ಸಲ. 1967ರಲ್ಲಿ ಕ್ಲಬ್ಬು ಮುಚ್ಚಿತು. ಗ್ಲಾಸ್ಗೊದ ಕ್ಯಾತ್ಕಿನ್ ಪಾರ್ಕಿನಲ್ಲಿ ಅದರ ಮೈದಾನ ಇನ್ನೂ ಇದೆ. ಪ್ರೇಕ್ಷಕರು ನಿಲ್ಲುತ್ತಿದ್ದ ಮೆಟ್ಟಿಲುಗಳ ಸಂದಿಯಲ್ಲಿ ಮರಗಳು ಎದ್ದಿವೆ, ಒರಗಿಕೊಳ್ಳುತ್ತಿದ್ದ ಕಬ್ಬಿಣದ ಅಡ್ಡಕಂಬಿಗಳು ಹಾಗೇ ನಿಂತಿವೆ. ನಡುವಿನ ಹುಲ್ಲಿನ ಮೇಲೆ ಈಗಲೂ ಚೆಂಡಾಡುತ್ತಾರೆ.